ಎಡಗಡೆಯ ಗುಳ್ಳೆಗಳು

ಮುದ್ರಣಾಲಯದ ಕಿಟಕಿ ಪಕ್ಕದ ಮೇಜಿನ ಮೇಲೆ ಕರಡು ಹಾಳೆಗಳನ್ನು ಹರವಿಕೊಂಡು ಅವಳು ಒಂದೊಂದನ್ನೇ ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ಕಪ್ಪು ಕಪ್ಪಾಗಿಯೇ ಬಂದಿತ್ತು. ಸಣ್ಣ ಗೆರೆಗಳು ಎಲ್ಲಿಯೂ ಹರಡಿಕೊಂಡಿರಲಿಲ್ಲ. ಯಾವ ಪ್ರಕಾಶಕರೂ ಬೇಡವೆಂದ ಚಿತ್ರಕಥೆಯನ್ನು ತಾನೇ ಅಚ್ಚು ಹಾಕಿಸುತ್ತಿದ್ದಳು. ಅದರ ನಾಯಕಿಯ ಹೆಸರು ಕಂಪನ. ಅವಳಿಗೆ ಹಾರಲು ಬಾರದು. ಅಂಗಾಲಿನಿಂದ ನೆಲದ ನಡುಕವನ್ನು ಓದಿ, ನಾಲ್ಕು ಬೀದಿಯಾಚೆ ಯಾರು ಯಾರ ಮೇಲೆ ಕೈಯೆತ್ತಿದರೂ ತಿಳಿದುಕೊಳ್ಳುತ್ತಾಳೆ. ಎಡಗಿವಿ ಮಾತ್ರ ಪೂರ್ತಿ ಕಿವುಡು. ಹಾಗಾಗಿ ಆ ಕಡೆ ನಿಂತು ಯಾರೇ ಮಾತಾಡಲಿ, ಅವರ ಬಾಯಿಂದ ಹೊರಟ ಮಾತಿನ ಗುಳ್ಳೆ ಖಾಲಿ ಇರುತ್ತದೆ. ಇಡೀ ಪುಸ್ತಕ ನಿಂತದ್ದು ಆ ಒಂದು ನಿಯಮದ ಮೇಲೆ. ಕಂಪನಳ ಕಿವಿ ಬೇರೆ ಯಾರದೂ ಅಲ್ಲ, ಬರೆದವಳದೇ.

ಮೇಷ್ಟ್ರ ಪುಟ ಬಂದಾಗ ಅವಳ ಕೈ ನಿಂತಿತು.

ಕಥೆಯ ಮೊದಲ ಖಳ ಈ ಮೇಷ್ಟ್ರು. ಮೇಜಿನಾಚೆ ಕೂತು, ಇನ್ನೂ ಹುಡುಗಿಯಾಗಿರುವ ಕಂಪನಳಿಗೆ ಲೆಕ್ಕ ಹೇಳಿಕೊಡುತ್ತಾನೆ, ಉತ್ತರ ತಪ್ಪಿದಾಗ ಬಲಗೈ ಬೀಸುತ್ತಾನೆ. ಎದುರಿಗೆ ಕೂತವನ ಬಲಗೈ ಬಂದು ಬೀಳುವುದು ಎಡಗಿವಿಯ ಮೇಲೆಯೇ. ಮುಂದಿನ ಚಿತ್ರದಲ್ಲಿ ಎದ್ದು ಬಂದು, ಅವಳ ಎಡಕ್ಕೆ ಬಗ್ಗಿ ಏನೋ ಹೇಳುತ್ತಾನೆ. ಅಲ್ಲಿ ಗುಳ್ಳೆ ಖಾಲಿ ಇರಬೇಕಿತ್ತು. ಈಗ ಅದರಲ್ಲಿ ದುಂಡಗಿನ, ಮುದ್ದಾದ ಅಕ್ಷರಗಳು ಕೂತಿದ್ದವು: "ನಿನ್ನ ಒಳ್ಳೇದಕ್ಕೇ ಕಣಮ್ಮಾ. ನನಗೇನು ನೋವಾಗಲ್ವಾ?"

"ಏನ್ರೀ ಇದು?" ಅವಳ ಕೂಗಿಗೆ ಮುದ್ರಣಾಲಯದ ಯಜಮಾನಿ ಕನ್ನಡಕ ಹಣೆಗೇರಿಸಿಕೊಂಡು ಬಂದಳು.

"ನಮ್ಮದೇನಿಲ್ಲ ಮೇಡಂ. ನಿನ್ನೆ ನಿಮ್ಮಣ್ಣನೇ ಬಂದು ಬರೆದುಕೊಟ್ಟು ಹೋದ್ರು. ಇದೊಂದು ಮರೆತುಹೋಗಿತ್ತಂತೆ. ಪುಸ್ತಕದ ತುಂಬಾ ಖಾಲಿ ಗುಳ್ಳೆ ಇದೆಯಲ್ಲಪ್ಪಾ, ಇದಕ್ಕೊಂದಕ್ಕೇ ಯಾಕೆ ಈ ಉಪಚಾರ ಅಂತ ನಾನೂ ಕೇಳಿದೆ. ಮಧ್ಯಾಹ್ನ ಅಚ್ಚಿನ ಪ್ಲೇಟು ತೆಗೀಬೇಕು, ಏನ್ಮಾಡ್ಲಿ ಹೇಳಿ?"

ಅಂಗಡಿ ಫಲಕ ಬರೆಯುವುದು ಅಣ್ಣನ ಕಸುಬು. ಪುಸ್ತಕದ ಅಕ್ಷರಗಳೆಲ್ಲ ಅವನ ಕೈಯವೇ. ಫೋನಿನಲ್ಲಿ ಅವಳು "ಈಗಲೇ ಬಾ" ಎಂದದ್ದಷ್ಟೇ. ಉಗುರಿಗೆ ಮೆತ್ತಿದ ಹಸಿರು ಬಣ್ಣದೊಂದಿಗೇ ಬಂದ.

"ಯಾರನ್ನ ಕೇಳಿ ಬರೆದೆ?"

"ಕೂಗಾಡಬೇಡ ಚೂಟಿ. ಅಪ್ಪನ ಶಿಷ್ಯರು ಊರ ತುಂಬಾ ಇದ್ದಾರೆ. ಈ ಮುಖ ನೋಡಿದ್ರೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ. ಖಾಲಿ ಬಿಟ್ರೆ ಏನು ಬೇಕಾದ್ರೂ ಅಂದ್ಕೋತಾರೆ."

"ಅದಕ್ಕೆ ನೀನು ಸಕ್ಕರೆ ಸುರಿದೆ."

"ಸುಳ್ಳೇನೂ ಬರೆದಿಲ್ಲ. ಅಪ್ಪ ಅವತ್ತು ಹೇಳಿದ್ದೇ ಅದು."

ಏಟು ಬಿದ್ದ ಆ ದಿನ ಅವಳ ಎರಡೂ ಕಿವಿಗಳಲ್ಲಿ ಸೀಟಿ ಊದಿದಂತಾಗಿ, ಅಪ್ಪನ ತುಟಿಗಳು ಆಡುವುದಷ್ಟೇ ಕಂಡಿತ್ತು. ಬಲಗಿವಿಯ ಸೀಟಿ ಸಂಜೆಗೆ ನಿಂತಿತು. ಎಡಗಿವಿಯಲ್ಲಿ ಸೀಟಿಯ ಜೊತೆ ಎಲ್ಲವೂ ನಿಂತಿತು. ಉಯ್ಯಾಲೆಯಿಂದ ಬಿದ್ದಳು ಎಂದು ಅಮ್ಮ ಡಾಕ್ಟರಿಗೆ ಹೇಳಿದಳು. ಮನೆಯಲ್ಲಿ ಮತ್ತೆ ಅದರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಆ ತುಟಿಗಳಿಗೆ ಅವಳು ಎಷ್ಟು ಮಾತುಗಳನ್ನು ಹೊಂದಿಸಿ ನೋಡಿದ್ದಳೋ! ಸಣ್ಣವಳಿದ್ದಾಗ ಹೆಚ್ಚಾಗಿ ಹೊಂದಿಸಿದ್ದು ಕ್ಷಮೆಯನ್ನೇ.

"ಕಣಮ್ಮಾ ಅಂದ್ರಾ? ಹುಟ್ಟಿದಾಗಿನಿಂದ ಒಂದು ಸಲ ನನ್ನ ಅಮ್ಮಾ ಅಂತ ಕರೆದಿದ್ದಾರಾ ಅಪ್ಪ? ನನ್ನ ಮುಖ ನೋಡಿ ಹೇಳು."

ಅಣ್ಣ ಉಗುರಿನ ಬಣ್ಣ ಕೆರೆಯತೊಡಗಿದ. ಯಜಮಾನಿ ಒಳಗೆ ಹೋಗುವವಳಂತೆ ನಟಿಸಿ ಬಾಗಿಲಲ್ಲೇ ನಿಂತಳು.

"ಸದ್ದು ಮಾಡಬೇಡ, ಪಕ್ಕದ ಮನೆಯವರಿಗೆ ಕೇಳುತ್ತೆ ಅಂದ್ರು," ಎಂದ ಕೊನೆಗೆ.

"ಆಮೇಲೆ?"

"ನನ್ನ ಕಡೆ ತಿರುಗಿ, ನೀನು ಲೆಕ್ಕ ಮುಂದುವರಿಸು ಅಂದ್ರು."

"ನೀನೇನು ಮಾಡಿದೆ?"

"ಮುಂದುವರಿಸಿದೆ."

ಅಣ್ಣ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. "ಬೇಕಾದ್ರೆ ಅದನ್ನೇ ಬರೀತೀನಿ, ಕೊಡು. ಅವರು ಅಂದಿದ್ದನ್ನೇ."

"ಮುಟ್ಟಬೇಡ!" ಅವಳು ಹಾಳೆಯನ್ನು ಕಿತ್ತುಕೊಂಡು, ಚೀಲದಿಂದ ಬಿಳಿ ಬಣ್ಣ ತೆಗೆದು ಗುಳ್ಳೆಯೊಳಗೆ ಬಳಿದಳು. ಒಂದು ಸಲಕ್ಕೆ ಅಕ್ಷರಗಳು ಮುಚ್ಚಲಿಲ್ಲ. ಮತ್ತೆ ಬಳಿದಳು. "ನನಗೆ ಕೇಳಿಸದೇ ಇದ್ದಿದ್ದು ಇದರಲ್ಲಿ ಬರಲ್ಲ. ಸಿಹಿಯಾದ್ರೂ ಅಷ್ಟೇ, ವಿಷವಾದ್ರೂ ಅಷ್ಟೇ. ಈ ಖಾಲಿ ಕುರ್ಚಿ ನೋಡು. ಯಾರದು ಗೊತ್ತಾ?"

ಚಿತ್ರದ ಮೇಜಿನ ಪಕ್ಕದಲ್ಲಿ ಮೂರನೆಯ ಕುರ್ಚಿಯೊಂದಿತ್ತು. ಅಣ್ಣ ಈಗಷ್ಟೇ ಅದನ್ನು ಕಂಡವನಂತೆ ಹಾಳೆಯತ್ತ ಬಗ್ಗಿದ.

"ನಿನ್ನದು. ಪಾಪ, ಅವನೂ ಹುಡುಗ, ಹೆದರಿದ್ದ, ಏನು ಮಾಡಿಯಾನು ಅಂತ ನಿನ್ನ ಚಿತ್ರದಿಂದ ಬಿಟ್ಟಿದ್ದೆ. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ನಿನ್ನೆ ಇಲ್ಲಿಗೆ ಬಂದೆಯಲ್ಲ, ಇಷ್ಟೆತ್ತರದ ಗಂಡಸು, ಕುಂಚ ಹಿಡ್ಕೊಂಡು? ಅವನ ಮೇಲಿದೆ."

ಲೇಖನಿ ತೆಗೆದು ಆ ಕುರ್ಚಿಯ ಮೇಲೆ ಗೆರೆ ಎಳೆಯತೊಡಗಿದಳು. ಹುಡುಗನನ್ನಲ್ಲ. ಮುಂದಲೆ ಬೋಳಾದ, ಹೊಟ್ಟೆ ಬಂದ, ಮಕ್ಕಳ ಕುರ್ಚಿಯಲ್ಲಿ ಹಿಡಿಸದೆ ಮೊಣಕಾಲು ಮೇಲೆದ್ದ ನಡುವಯಸ್ಸಿನ ಗಂಡಸನ್ನು. ಮೇಷ್ಟ್ರ ಗುಳ್ಳೆಯತ್ತ ಕುಂಚ ಚಾಚಿದ್ದಾನೆ, ಮುಖ ಮಾತ್ರ ಓದುವವರ ಕಡೆಗಿದೆ.

"ಚೂಟಿ, ಬೇಡ ಕಣೆ. ನನ್ನ ಮಕ್ಕಳು ಓದ್ತಾರೆ."

"ಓದಲಿ. ಯಾರಪ್ಪಾ ಇದು ಅಂತ ಕೇಳಿದಾಗ ನೀನೇ ಹೇಳು. ಚೆನ್ನಾಗಿ ಹೇಳ್ತೀಯಲ್ಲ."

ಅಣ್ಣ ಇನ್ನೂ ಏನೋ ಹೇಳುತ್ತಿದ್ದ. ಅವಳು ತಲೆಯೆತ್ತಲಿಲ್ಲ. ಕುರ್ಚಿಯವನ ಮುಖದ ಆ ಬದಿಗೊಂದು, ಈ ಬದಿಗೊಂದು ಕಿವಿ ಬಿಡಿಸಿದಳು. ಒಳಮಡಿಕೆ, ಹಾಲೆ ಯಾವುದನ್ನೂ ಬಿಡದೆ, ಪಠ್ಯಪುಸ್ತಕದ ಚಿತ್ರದಷ್ಟು ಸ್ಪಷ್ಟವಾಗಿ. ಶಾಯಿ ಒಣಗಿದ ಮೇಲೆ ಹಾಳೆಯನ್ನು ಯಜಮಾನಿಗೆ ಚಾಚಿ, "ಸ್ಕ್ಯಾನ್ ಮಾಡಿ ಪ್ಲೇಟು ತೆಗೀರಿ," ಎಂದಳು.