ಮಗುಚದ ಕಾಫಿ ಬಟ್ಟಲು

ಗ್ಲೆಂಡೇಲ್ ಊರಿನ ವ್ರೆಜ್ ಮಾವನ ಬೇಕರಿಯಲ್ಲಿ ಅವತ್ತು ಬ್ರೆಡ್ಡಿಗಿಂತ ಹೆಚ್ಚು ಬೇಯುತ್ತಿದ್ದವಳು ನಾಯ್ರಿ. ಜೂನ್ ಒಂದು, ಯಾವ ಕಾಲೇಜಿಗೆ ಸೇರುತ್ತೇನೆಂದು ತಿಳಿಸಲು ಕೊನೆಯ ದಿನ. ಎರಡು ವರ್ಷ ಬೆಳಿಗ್ಗೆ ಹಿಟ್ಟು ನಾದಿ, ಮಧ್ಯಾಹ್ನ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಲ್ಕುಲಸ್ ಜೊತೆ ಗುದ್ದಾಡಿದ್ದಕ್ಕೆ ಪದವಿಯ ಮೂರನೇ ವರ್ಷಕ್ಕೆ ಎರಡು ಕಡೆಯಿಂದ ಕರೆ ಬಂದಿತ್ತು. ಸಮುದ್ರದಂಚಿನ ವಿಶ್ವವಿದ್ಯಾಲಯಕ್ಕೆ ದೊಡ್ಡ ಹೆಸರು, ಆದರೆ ಅಲ್ಲಿ ಫೈನಾನ್ಸ್ ಇಲ್ಲ, ಅರ್ಥಶಾಸ್ತ್ರವೇ ಗತಿ. ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಸರ್ಕಾರಿ ಕಾಲೇಜಿನಲ್ಲಿ ಫೈನಾನ್ಸ್ ಇದೆ, ಹೆಸರೇ ಇಲ್ಲ. ಹಣ ಹೂಡುವ ಕಂಪನಿಯಲ್ಲೇ ಕೆಲಸ ಮಾಡಬೇಕೆಂದು ಹಟ ಹಿಡಿದವಳು ಈಗ ಎಡವಿದರೆ ಎರಡು ವರ್ಷದ ಬೆವರು ನೀರುಪಾಲು.

ಇಂಥ ಕಗ್ಗಂಟಿಗೆ ಆ ಮನೆಯಲ್ಲಿ ಸಿರಾನುಷ್ ಅಜ್ಜಿ ಇದ್ದಾಳೆ. ಕಾಫಿ ಕುಡಿದು ಬಟ್ಟಲು ಮಗುಚಿದರೆ, ತಳದ ಗಸಿಯಲ್ಲಿ ಭವಿಷ್ಯ ಓದುತ್ತಾಳೆ. ಅಜ್ಜಿ ಲಂಚಕ್ಕೆ ಬಗ್ಗುತ್ತಾಳೆಂಬುದೂ ಮನೆಮಂದಿಗೆಲ್ಲ ಗೊತ್ತು. ಬೆಳಿಗ್ಗೆಯೇ ಮಾವ ಬೆಣ್ಣೆಯ ಸಿಹಿ ತಿನಿಸು ಗಾತಾದ ಡಬ್ಬಿ ಕೊಟ್ಟು, ಬಟ್ಟಲಿನಲ್ಲಿ ಸಮುದ್ರ ಕಾಣಿಸಲಿ ಎಂದು ಕೇಳಿಕೊಂಡಿದ್ದ. ನಾಯ್ರಿಯ ತಾಯಿ ಅಲ್ವಾರ್ದ್ ಶಾಲು ಹೊದಿಸಿ, ಮನೆ ಕಾಣಿಸಲಿ ಎಂದಿದ್ದಳು. ಅಜ್ಜಿ ಎರಡನ್ನೂ ಇಟ್ಟುಕೊಂಡಿದ್ದಳು. ಜೂನಿನ ಸೆಕೆಯಲ್ಲಿ ಉಣ್ಣೆಯ ಶಾಲು, ಶಾಲಿನ ಮೇಲೆ ಗಾತಾ ಪುಡಿ. ನಾಯ್ರಿಗೆ ಎಲ್ಲವೂ ಅರ್ಥವಾಗಿ ನಗು ತಡೆಯಲಾಗಲಿಲ್ಲ.

"ನಗೋದು ಸಾಕು, ಕುಡಿಯೇ," ಎಂದು ಅಜ್ಜಿ ಕಾಫಿ ಮುಂದಿಟ್ಟಳು. "ಆ ಸಮುದ್ರದ ಕಾಲೇಜು ನೋಡ್ಕೊಂಡು ಬಂದ್ಯಲ್ಲ, ಹೇಗಿತ್ತು?"

"ಚೆನ್ನಾಗಿದೆ ಅಜ್ಜಿ." ನಾಯ್ರಿ ಒಂದು ಗುಟುಕು ಕುಡಿದಳು. "ದೊಡ್ಡ ಲೈಬ್ರರಿ." ಇನ್ನೊಂದು ಗುಟುಕು.

"ಹೆಸರು ಕೇಳಿದ್ರೆ ಬ್ಯಾಂಕಿನೋರು ಎದ್ದು ನಿಂತು ಕುರ್ಚಿ ಕೊಡ್ತಾರಮ್ಮ!" ಎಂದ ಮಾವ.

"ನಿನ್ನ ಕೇಳಿದ್ನಾ? ಸುಮ್ನಿರೋ," ಎಂದು ಗದರಿ ಅಜ್ಜಿ ನಾಯ್ರಿಯತ್ತ ತಿರುಗಿದಳು. "ಆ ಇನ್ನೊಂದು?"

"ಅಯ್ಯೋ ಅಜ್ಜಿ, ಅಲ್ಲಿ ಹುಡುಗ್ರ ಕೈಗೇ ನಿಜವಾದ ದುಡ್ಡು ಕೊಡ್ತಾರೆ! ಹದಿಮೂರು ಜನ ಸೇರಿ ಯಾವ ಶೇರು ಕೊಳ್ಳೋದು ಅಂತ ಜಗಳ ಆಡ್ತಾರೆ. ಒಬ್ಬ ಬಿಸ್ಕತ್ತು ಕಂಪನಿ ಶೇರು ಕೊಳ್ಳೋಣ ಅಂದ. ನಾನು ಸುಮ್ನೆ ನೋಡೋಕೆ ಹೋದೋಳು, ತಡ್ಕೊಳ್ಳೋಕಾಗ್ಲಿಲ್ಲ. ಗೋಧಿ ಬೆಲೆ ಏರಿದ್ರೆ ಏನಪ್ಪಾ ಮಾಡ್ತೀಯ ಅಂತ ಕೇಳ್ಬಿಟ್ಟೆ! ಬೇಕರಿಯೋಳಿಗೆ ಗೊತ್ತಿರಲ್ವಾ? ಅವ್ನು ಫೋನಲ್ಲಿ ಗೋಧಿ ಬೆಲೆ ಹುಡುಕೋಕೆ ಶುರುಮಾಡ್ದ. ಮೇಡಂ ನಕ್ಕು, ಸೆಪ್ಟೆಂಬರಲ್ಲಿ ಬಾಮ್ಮ, ಜಗಳ ಮುಂದುವರಿಸು ಅಂದ್ರು..."

ಅವಳು ನಿಲ್ಲಿಸಲೇ ಇಲ್ಲ. ಒಲೆಯಲ್ಲಿದ್ದ ಬ್ರೆಡ್ಡು ಸೀದ ವಾಸನೆ ಬಂದಾಗ ಮಾವ ಎದ್ದು ಓಡಿದ. ಅವನು ವಾಪಸು ಬಂದರೂ ಬಿಸ್ಕತ್ತಿನ ಜಗಳ ಮುಗಿದಿರಲಿಲ್ಲ.

"ಬಟ್ಟಲು ಮಗುಚಮ್ಮ, ಹೊತ್ತಾಯ್ತು," ಎಂದಳು ತಾಯಿ.

ಅಜ್ಜಿ ಬಟ್ಟಲಿನೊಳಗೆ ಬಗ್ಗಿ ನೋಡಿದಳು. "ಮಗುಚೋದೇನು? ಇನ್ನೂ ಮುಕ್ಕಾಲು ತುಂಬಿದೆ. ಸಮುದ್ರದ ಮಾತಿಗೆ ಗುಟುಕು ಗುಟುಕಾಗಿ ಕುಡಿದ್ಲು. ಇದರ ಮಾತಿಗೆ ಕುಡಿಯೋದೇ ಮರೆತ್ಲು. ನಲವತ್ತು ವರ್ಷದಿಂದ ಖಾಲಿ ಬಟ್ಟಲು ನೋಡಿ ಸುಳ್ಳು ಹೇಳಿದೀನಿ. ತುಂಬಿದ್ದನ್ನ ಓದಿದ್ದು ಇವತ್ತೇ."

ಅಲ್ವಾರ್ದ್ ಕುಣಿದೇಬಿಟ್ಟಳು.

"ನಿನ್ನ ಶಾಲಿಗಲ್ಲ ಕಣೇ, ಕುಣೀಬೇಡ," ಎಂದಳು ಅಜ್ಜಿ.

ನಾಯ್ರಿಗೆ ಎದೆ ಹಗುರಾಗಿ ಅಳುವೂ ನಗುವೂ ಒಟ್ಟಿಗೇ ಬಂದವು. ತನ್ನ ಮನಸ್ಸು ತನಗೇ ಗೊತ್ತಿರಲಿಲ್ಲವಲ್ಲ! ಹಿಟ್ಟು ಮೆತ್ತಿದ ಬೆರಳಿನಿಂದ ಫೋನಿನಲ್ಲಿ ಫೈನಾನ್ಸ್ ಕಾಲೇಜಿಗೆ ಒಪ್ಪಿಗೆ ಒತ್ತಿದಳು. ಮಾವ ಒಂದು ಗಳಿಗೆ ಮುಖ ಊದಿಸಿಕೊಂಡ. ಆಮೇಲೆ ಸಮುದ್ರದ ಕಾಲೇಜೇ ಎಂದು ನಂಬಿ ಮೊದಲೇ ಮಾಡಿಟ್ಟಿದ್ದ ನೀಲಿ ಅಲೆಗಳ ಕೇಕನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು, ಅಲೆ ಕೆರೆಯತೊಡಗಿದ.

"ಈಗ ಕಾಫಿ ಮುಗಿಸು ನಾಯ್ರಿ ಜಾನ್, ನನ್ನ ಬಂಗಾರ," ಎಂದಳು ಅಜ್ಜಿ, ಶಾಲು ಸರಿಮಾಡಿಕೊಂಡು. "ಗಂಡು ಎಲ್ಲಿದ್ದಾನೆ ನೋಡೋಣ."

ನಾಯ್ರಿ ಬಟ್ಟಲು ಎತ್ತಿಕೊಂಡು ಸಿಂಕಿನತ್ತ ಓಡಿದಳು.