ಆಸರೆ ತೆಗೆಯುವ ಮುನ್ನ

ನನ್ನ ಸೋದರಮಾವನ ಕಸುಬಿನಲ್ಲಿ ಒಂದು ಹಾಳು ಪದ್ಧತಿ ಇದೆ. ಕೂಡಿಸಿದ ತೊಲೆಯ ಕೆಳಗಿನ ಆಸರೆ ಕಂಬ ತೆಗೆಯುವಾಗ, ಆ ಜೋಡಣೆಯನ್ನು ಕೊರೆದವರೇ ತೊಲೆಯಡಿ ನಿಲ್ಲಬೇಕು. "ಮಾಡಿದ್ದುಣ್ಣೋ ಮಹರಾಯ," ಎಂದು ಮಾವ ನಗುತ್ತಾನೆ. ಆ ದಿನ ನಿಲ್ಲುವ ಸರದಿ ನನ್ನದು.

ನಾನು ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಅವನ ಹತ್ತಿರ ಬಡಗಿ ಕೆಲಸ ಕಲಿಯಲು ಸೇರಿದಾಗಿನಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. "ಮೂವತ್ತಾರಕ್ಕೆ ಅ ಆ ಇ ಈ ಶುರು ಮಾಡ್ತಾಳಂತೆ!" ಎಂದು ಗೋಡೆಗೆ ಹೇಳುತ್ತಿದ್ದಳು. ಈ ತೊಲೆ ನಿಂತರೆ ನಾನು ಬಡಗಿ. ನಿಲ್ಲದಿದ್ದರೆ ಮತ್ತೆ ಬಟ್ಟೆ ಮಡಚಬೇಕು, ಅದೂ ಜೀವ ಉಳಿದಿದ್ದರೆ.

ಬೆಳಿಗ್ಗೆ ತೊಲೆಯ ತುದಿಯಲ್ಲಿ ನಾನು ಕೊರೆದಿದ್ದ ನಾಲಿಗೆಯನ್ನು ಕಂಬದ ಕಂಡಿಯೊಳಗೆ ಹೊಡೆದು ಕೂರಿಸುವಾಗ ಒಂದು ಸಣ್ಣ ಸದ್ದಾಗಿತ್ತು. ಕಡ್ಡಿ ಮುರಿದಷ್ಟೇ. ಮಾವ ಆಗ ಏಣಿ ತರಲು ಹೋಗಿದ್ದ. ಮರ ಅಂದಮೇಲೆ ಸದ್ದು ಮಾಡದೇ ಇರುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಮಾವನಿಗೆ ಹೇಳಲಿಲ್ಲ. ಬಾಯಿ ಬಿಟ್ಟರೆ ತೊಲೆ ಇಳಿಸಬೇಕು, ಅದರ ಜೊತೆ ನನ್ನ ಮಾನವೂ ಇಳಿಯುತ್ತದೆ.

ಹೋಗಿ ತೊಲೆಯಡಿ ನಿಂತೆ. ಆಸರೆ ಕಂಬವನ್ನು ಹೊಡೆದು ತೆಗೆಯಲು ಮಾವ ಮರದ ಕೊಡತಿ ಎತ್ತಿಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ!

"ಏನೋ ಇದು, ನನ್ನ ಮಗಳನ್ನ ಬಲಿ ಕೊಡ್ತಿದೀಯಾ?"

"ಅವಳ ಕೈಕೆಲಸದ ಮೇಲೆ ನಂಗೆ ನಂಬಿಕೆ ಇದೆ, ಅಕ್ಕ," ಎಂದ ಮಾವ.

"ಹಾಗಾದ್ರೆ ನಂಗೂ ಇದೆ," ಎಂದವಳೇ ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕ ನಿಂತಳು. ತಿಂಗಳುಗಟ್ಟಲೆ ಮಾತಾಡದವಳು ನನ್ನ ಕೈ ಹಿಡಿದುಕೊಂಡಳು. "ಹೊಡಿಯೋ."

ಮಾವನ ಕೊಡತಿ ಹಿಂದಕ್ಕೆ ಹೋಯಿತು. ನನ್ನ ಜೀವ ಬಾಯಿಗೆ ಬಂತು.

"ಬೇಡ! ನಿಲ್ಸು ಮಾವ! ಅಮ್ಮ, ಈಚೆ ಬಾ!"

ಹಗ್ಗ ಕಟ್ಟಿ, ತೊಲೆಯನ್ನು ಬಿಡಿಸಿ ಮೆಲ್ಲಗೆ ಕೆಳಗಿಳಿಸಿದೆವು. ನಾಲಿಗೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಮಾವ ಕೊಡತಿಯಿಂದ ಸುಮ್ಮನೆ ತಟ್ಟಿದ. ಇಡೀ ನಾಲಿಗೆ ಮುರಿದು ನೆಲಕ್ಕೆ ಬಿತ್ತು. ಅವನು ಅಲ್ಲೇ ಕುಸಿದು ಕುಳಿತ. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಮ್ಮ ನನ್ನನ್ನೇ ನೋಡುತ್ತಿದ್ದಳು. "ನಾನು ಬರದೇ ಇದ್ದಿದ್ರೆ?" ಎಂದಳು.

ನಾನು ಮುರಿದ ನಾಲಿಗೆಯನ್ನು ನೆಲದಿಂದ ಎತ್ತಿಕೊಂಡೆ.

ಮಾರನೆಯ ದಿನ ಹೊಸ ಮರ ಕೊರೆಯಲು ಕುಳಿತೆ. ಆ ತೊಲೆ ನಿಂತಿತು; ಈಗ ನಾನೂ ಬಡಗಿಯೇ. ಅಮ್ಮ ಮತ್ತೆಂದೂ ಕೆಲಸದ ಜಾಗಕ್ಕೆ ಬರಲಿಲ್ಲ. ಆದರೂ ಆಸರೆ ತೆಗೆಯುವ ಮುನ್ನ ಪ್ರತಿ ತೊಲೆಯ ಕೆಳಗೂ ಮನಸ್ಸಿನಲ್ಲೇ ಅವಳನ್ನು ನಿಲ್ಲಿಸಿ ನೋಡುತ್ತೇನೆ. ಎದೆ ಧಸಕ್ಕೆಂದರೆ ತೊಲೆ ಇಳಿಸುತ್ತೇನೆ.