ಗೋಲ್‌ಕೀಪರ್ ಮಮತಾಳ ಜೆರ್ಸಿ

ನಮ್ಮ ಕಡೆಯ ಹುಡುಗಿಯರು ಪಂದ್ಯದಲ್ಲಿ ತೊಟ್ಟು ಆಡಿದ ಹಾಕಿ ಜೆರ್ಸಿಗಳನ್ನು ನಾನು ಸಂಗ್ರಹಿಸುತ್ತೇನೆ. ಸಿಂಧನೂರಿನ ಮನೆಯಲ್ಲಿ ಒಂದು ಬೀರು ಅವಕ್ಕೇ ಮೀಸಲು. ಮೈದಾನದ ಮಣ್ಣು, ಬೆವರಿನ ಕಲೆ ಹಾಗೇ ಇರಬೇಕು ಎನ್ನುವುದು ನನ್ನ ಹಟ. ಸಂತೆಕಲ್ಲೂರಿನ ಮಮತಾ ರಾಜ್ಯಮಟ್ಟದ ಫೈನಲ್‌ನಲ್ಲಿ ಗೋಲು ಕಾಯ್ದ ಕಿತ್ತಳೆ ಜೆರ್ಸಿಯನ್ನು ನನಗಾಗಿ ಒಗೆಯದೆ ಪೇಪರಿನಲ್ಲಿ ಸುತ್ತಿಟ್ಟಿದ್ದಳು.

ತರಲು ಹೋದರೆ ಅವಳ ತಾಯಿ ಮುದುಕಮ್ಮ ಹೊಸ ಸ್ಟೀಲ್ ಡಬ್ಬಿ ತೋರಿಸಿದರು.

"ಗಬ್ಬು ನಾರಾಕತ್ತಿತ್ತರೀ. ಮಾರೆಮ್ಮಗ ಹಾಕಿ ಈ ಡಬ್ಬಿ ತಗೊಂಡೆ."

"ಹಂಗೇ ಹಾಕಿದ್ರೇನು?"

"ಹಂಗ ಹೆಂಗ ಹಾಕಲಿ? ಒಗೀದ ಅರಬಿ ಆಕಿ ಮುಟ್ಟಂಗಿಲ್ಲ. ತಿಕ್ಕಿ ತಿಕ್ಕಿ ಒಗದು ಹಾಕೀನಿ!"

ಹಳೆ ಬಟ್ಟೆಗೆ ಪಾತ್ರೆ ಕೊಡುವ ಮಾರೆಮ್ಮ ಲಿಂಗಸುಗೂರಿನ ಸಂತೆಗೆ ಹೊರಟು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು. ಮಣ್ಣು ಹೋಗಿತ್ತು, ಜೆರ್ಸಿಯನ್ನಾದರೂ ಬಿಡಬಾರದೆಂದು ಅಲ್ಲಿಗೇ ಹೋಗಿ ಗಂಟು ಬಿಚ್ಚಲು ಕೇಳಿದೆ.

"ಕಟ್ಟಿದ ಗಂಟು ದಾರ್ಯಾಗ ಬಿಚ್ಚಂಗಿಲ್ಲರೀ ಅಕ್ಕಾರ," ಎಂದಳು. "ಯಾಪಾರ ಕೆಡತೈತಿ. ಸಂತ್ಯಾಗ ತಗೋರಿ."

ಬಸ್ಸಿನಲ್ಲಿ ಗಂಟಿನ ಮೇಲೆ ಕೈಯಿಟ್ಟೇ ಕೂತೆ. ಪ್ರತಿ ನಿಲ್ದಾಣದಲ್ಲೂ ಇಳಿಯುವವರ ಕೈ ನೋಡಿದೆ.

"ಬಂಗಾರ ಐತೇನ್ರೀ ಒಳಗ?" ಕಂಡಕ್ಟರ್ ನಕ್ಕ.

ಸಂತೆಯಲ್ಲಿ ಗಂಟು ಬಿಚ್ಚುತ್ತಲೇ ಕಿತ್ತಳೆ ಬಣ್ಣ ಕಂಡಿತು. ಭುಜದ ಮೇಲೆ ಮಮತಾ ತಾನೇ ಹಾಕಿಕೊಂಡ ಕಪ್ಪು ದಾರದ ಹೊಲಿಗೆ, ಅದೇ. ಒಂದು ತೋಳು ಹಿಡಿದೆ. ಇನ್ನೊಂದು ತೋಳು ಒಬ್ಬ ರೈತನ ಕೈಯಲ್ಲಿತ್ತು.

"ಬಿಡ್ರೀ ಅಕ್ಕಾರ. ಜ್ವಾಳದ ಹೊಲದಾಗ ಬೆದರುಗೊಂಬಿಗೆ ಬೇಕು. ಈ ಬಣ್ಣಕ್ಕ ಹಕ್ಕಿ ಹತ್ರ ಸುಳಿಯಂಗಿಲ್ಲ."

"ಇದನ್ನ ತೊಟ್ಟು ಒಬ್ಬ ಹುಡುಗಿ ಫೈನಲ್‌ನ್ಯಾಗ ಗೋಲು ಕಾಯ್ದಾಳ."

"ನಮ್ಮ ಗೊಂಬಿ ಹೊಲ ಕಾಯ್ತೈತಿ. ಅದೇನು ಕಡಿಮಿ ಕೆಲಸಾನ?"

ಸುತ್ತಲಿನವರು ನಕ್ಕರು. ನಾನು ತೋಳು ಬಿಡಲಿಲ್ಲ.

"ಏ ಯಜಮಾನ, ಬಿಡು," ಎಂದಳು ಮಾರೆಮ್ಮ. "ಮಸ್ಕಿಯಿಂದ ಈಕಿ ಗಂಟಿನ ಮ್ಯಾಲಿನ ಕೈ ತೆಗದಿಲ್ಲ. ಬೋಣಿಗಿ ಈಕಿದೇ. ನಿನ್ನ ಗೊಂಬಿಗೆ ಕೆಂಪು ಲಂಗ ಕೊಡ್ತೀನಿ ತಗೋ."

ರೈತ ಲಂಗವನ್ನು ಬಿಸಿಲಿಗೆ ಹಿಡಿದು ನೋಡಿ ಒಪ್ಪಿದ.

ಜೆರ್ಸಿ ಮಡಚಿಕೊಂಡು ಮಮತಾಗೆ ಫೋನ್ ಮಾಡಿದೆ. "ಸಿಕ್ತು. ಆದ್ರ ನಿಮ್ಮವ್ವ ಒಗದಾಳ."

"ಮತ್ತೊಂದ್ಸಲ ತೊಟ್ಟು ಆಡಿ ಮಣ್ಣು ಮಾಡಿ ಕೊಡ್ಲೇನ್ರೀ ಅಕ್ಕಾ?"

"ಬ್ಯಾಡ. ಆ ಫೈನಲ್ ಮಣ್ಣು ಮತ್ತ ಬರಂಗಿಲ್ಲ. ಇದು ಹಿಂಗೇ ಬೀರುವಿನ್ಯಾಗ ಇರತೈತಿ. ಮುಂದಿನ ಫೈನಲ್ ಯಾವೂರಾಗರ ಇರಲಿ, ಮೈದಾನದ ಬಾಗಿಲಾಗ ನಿಂತು ನಿನ್ನ ಕೈಲಿಂದಾನೇ ಇಸಗೋತೀನಿ."